ಮುಂಬಾಗಿಲಿಗೆ ಎಂಥ ದೀಪ ಹಾಕಿಸಲಿ?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹೊಸ ಮನೆ ಕಟ್ಟಿಸಿದ್ದೇವೆ. ಬಾಗಿಲ ಮೇಲೆ 20 ವ್ಯಾಟಿನ ಬಿಳಿ ಎಲ್‌ಇಡಿ ಹಾಕಿಸಿದ್ದೆವು. ಬಂದವರ ಕಣ್ಣಿಗೆ ಕುಕ್ಕುತ್ತದೆ, ಜಗಲಿ ತುಂಬ ಹುಳ, ಮೊದಲ ಮಳೆಗಾಲಕ್ಕೇ ಒಳಗೆ ನೀರು ಹೋಗಿ ಕೆಟ್ಟಿತು. ಈಗೇನು ಮಾಡಲಿ?

ಉತ್ತರ: ಬೆಳಕು ಜಾಸ್ತಿ ಇದ್ದರೆ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬಾಗಿಲಿಗೆ 7ರಿಂದ 9 ವ್ಯಾಟ್ ಧಾರಾಳ ಸಾಕು. ಡಬ್ಬಿಯ ಮೇಲೆ 2700 ಅಥವಾ 3000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇರುವ ಹಳದಿ ಛಾಯೆಯದನ್ನೇ ತನ್ನಿ. 6500 ಕೆ ಬಿಳಿ ಬೆಳಕಿನಲ್ಲಿ ನೀಲಿ ಅಂಶ ಹೆಚ್ಚು, ಹುಳಗಳು ಅದಕ್ಕೇ ಮುತ್ತುವುದು. ಪೂರ್ತಿ ನಿಲ್ಲುವುದಿಲ್ಲ, ಆದರೆ ಕಡಿಮೆಯಾಗುತ್ತವೆ.

ನಿಮ್ಮ ಕಡೆಯ ಮಳೆ ನೇರವಾಗಿ ಬೀಳುವುದಿಲ್ಲ, ಗಾಳಿಗೆ ಎರಚಲು ಹೊಡೆಯುತ್ತದೆ ಅಲ್ವಾ, ಹಾಗಾಗಿ ಐಪಿ 65 ಗುರುತಿರುವ (ದೂಳು, ನೀರು ಒಳಹೋಗದಂತೆ ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕೆ) ದೀಪವನ್ನೇ ಕೇಳಿ ತೆಗೆದುಕೊಳ್ಳಿ, ಐಪಿ 44 ಅಂದರೆ ಬರೀ ಸಿಡಿಯುವ ನೀರಿಗೆ ಮಾತ್ರ. ವೈರು ಕೆಳಗಿನಿಂದ ದೀಪದೊಳಗೆ ಹೋಗಲಿ. ಮೇಲಿನಿಂದ ಬಂದರೆ ನೀರು ಅದರ ಗುಂಟವೇ ಇಳಿಯುತ್ತದೆ, ನಿಮ್ಮದಕ್ಕೂ ಬಹುಶಃ ಹಾಗೇ ಆಗಿರಬೇಕು. ಅರ್ಥಿಂಗ್ ಬಿಡಲೇಬೇಡಿ.

ಜಾಗವೂ ಮುಖ್ಯ. ದೀಪ ಬೆನ್ನ ಹಿಂದಿದ್ದರೆ ಬೀಗದ ಮೇಲೆ ನಮ್ಮದೇ ನೆರಳು ಬಿದ್ದು ಕೀಲಿ ತೂತು ಕಾಣುವುದಿಲ್ಲ. ಬೀಗ ಇರುವ ಬದಿಯ ಗೋಡೆಗೆ, ಆರು ಅಡಿ ಎತ್ತರದಲ್ಲಿ, ಬೆಳಕು ಕೆಳಗೆ ಬೀಳುವ ಹಾಗೆ ಕೂರಿಸಿ. ಮೆಟ್ಟಿಲಿದ್ದರೆ ಅಲ್ಲಿಗೊಂದು ಸಣ್ಣದು ಬೇಕೇ ಬೇಕು, ವಯಸ್ಸಾದವರು ಎಡವುವುದು ಅಲ್ಲೇ.