ಬೋಟಿನ ಔಟ್‌ಬೋರ್ಡ್ ಎಂಜಿನ್‌ಗೆ ಚಕ್ರದ ಸ್ಟ್ಯಾಂಡ್ ಮನೆಯಲ್ಲೇ ಮಾಡಬಹುದಾ?

ಖಂಡಿತ ಮಾಡಬಹುದು. ಔಟ್‌ಬೋರ್ಡ್ ಅಂದ್ರೆ ಬೋಟಿನ ಹಿಂಭಾಗಕ್ಕೆ ಹೊರಗಿಂದ ಕಚ್ಚಿಸೋ ಎಂಜಿನ್. ನಿಮ್ಮದು ಗಳಗನಾಥದ ಕಡೆ, ವರದಾ ಬಂದು ತುಂಗಭದ್ರಾ ಸೇರೋ ಜಾಗ. 15 ಎಚ್‌ಪಿ ಎಂಜಿನ್, ಶಾರ್ಟ್ ಶಾಫ್ಟ್ (ನೀರಿಗಿಳಿಯೋ ಕಾಲು ಗಿಡ್ಡದ್ದು), ಬೋಟಿಂದ ಬಿಚ್ಚಿದ ಮೇಲೆ ಶೆಡ್ಡಿನ ಗೋಡೆಗೆ ಒರಗಿಸಿಡ್ತೀವಿ ಅಂತ ಬರೆದಿದ್ದೀರಿ. ಆ ಒರಗಿಸೋದನ್ನ ಇವತ್ತೇ ಬಿಡಿ. ಜಾರಿ ಬಿದ್ದು ತಲೆ ಭಾಗ ಕೆಳಗಾದರೆ ಒಳಗೆ ಉಳಿದ ನೀರು ಸಿಲಿಂಡರಿಗೇ ಇಳಿಯಬಹುದು, ಫೋರ್ ಸ್ಟ್ರೋಕ್ ಆದರೆ ಆಯಿಲ್ ಕೂಡ ಹೋಗಿ ಸೇರುತ್ತೆ. ಎಂಜಿನ್ ಯಾವಾಗಲೂ ನೇರವಾಗಿ ನಿಂತಿರಬೇಕು.

ನಾನು ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಫ್ಯಾಬ್ರಿಕೇಷನ್ ಕೆಲಸ ಮಾಡ್ತೀನಿ, ಟ್ರಾಲಿ, ಸ್ಟ್ಯಾಂಡ್ ಇಂಥವೇ ಜಾಸ್ತಿ. ಎಲ್ಲರೂ ಮೊದಲು ಕೇಳೋದು ಚಕ್ರದ ಬಗ್ಗೆ. ಆದರೆ ನಿಜವಾದ ವಿಷಯ ತಳದ್ದು. ಟೂ ಸ್ಟ್ರೋಕ್ 15 ಎಚ್‌ಪಿ ಸುಮಾರು 35ರಿಂದ 40 ಕೆಜಿ, ಫೋರ್ ಸ್ಟ್ರೋಕ್ ಇನ್ನೂ ಹತ್ತು ಕೆಜಿ ಜಾಸ್ತಿ. ಆ ಭಾರ ಬಹುಪಾಲು ಮೇಲಿರುತ್ತೆ, ಅದೂ ಸ್ಟ್ಯಾಂಡಿನಲ್ಲಿ ಎಂಜಿನ್ ಕಚ್ಚಿಸೋ ಹಲಗೆಯ ಒಂದೇ ಬದಿಗೆ ನೇತಾಡುತ್ತೆ. ಹಾಗಾಗಿ ತಳದ ಉದ್ದ ಮೂರು ಅಡಿ ಇದ್ದರೆ, ಹಲಗೆಯಿಂದ ಎಂಜಿನ್ ಕಡೆಗೆ ಎರಡು ಅಡಿ, ಸ್ಟ್ಯಾಂಡ್ ತಳ್ಳೋ ಹಿಡಿಕೆ ಕಡೆಗೆ ಒಂದು ಅಡಿ ಬಿಡಿ. ಸರಿಯಾಗಿ ನಡುವೆ ಹಲಗೆ ನಿಲ್ಲಿಸಿದರೆ ಸಣ್ಣ ಗುಂಡಿಗೆ ಚಕ್ರ ಇಳಿದರೂ ಸ್ಟ್ಯಾಂಡ್ ಮಗುಚುತ್ತೆ.

ಪೈಪು 40 ಎಂಎಂ ಚೌಕದ್ದು, 2 ಎಂಎಂ ದಪ್ಪ ಸಾಕು. ಗುಜರಿಯಲ್ಲಿ ತಗೊಂಡರೂ ಪರವಾಗಿಲ್ಲ, ಒಳಗೆ ತುಕ್ಕು ತಿಂದಿದೆಯಾ ನೋಡಿ. ತಳವನ್ನ ಯು ಆಕಾರಕ್ಕೆ ಮಾಡಿ, ಎಂಜಿನ್ ಕಡೆ ಅಡ್ಡಪೈಪು ಬೇಡ, ಒಳ ಅಗಲ 26 ಇಂಚು ಇರಲಿ. ಯಾಕೆ ಅಂತ ಕೆಳಗೆ ಹೇಳ್ತೀನಿ. ಅಡ್ಡಪೈಪು ಇಲ್ಲದ್ದಕ್ಕೆ ಎರಡೂ ಬದಿಗೆ ಹಲಗೆಯ ಕಂಬದಿಂದ ತಳಕ್ಕೆ ಓರೆ ಪೈಪು ಕೊಡಲೇಬೇಕು.

ಎಂಜಿನ್ ಕಚ್ಚೋ ಜಾಗದಲ್ಲಿ ಬರೀ ಕಬ್ಬಿಣ ಇಡಬೇಡಿ, ಕ್ಲ್ಯಾಂಪ್ ಜಾರುತ್ತೆ. ಸಾಗವಾನಿ ಹಲಗೆ, ಇಲ್ಲಾಂದ್ರೆ 19 ಎಂಎಂ ಮರೈನ್ ಪ್ಲೈ ಎರಡು ಅಂಟಿಸಿ 38 ಎಂಎಂ ಮಾಡಿ, ಬೋಲ್ಟ್ ಹಾಕಿ, ಸ್ಕ್ರೂ ಬೇಡ. ಹಲಗೆಯ ಮೇಲ್ತುದಿ ಎಂಜಿನ್ ಕಡೆಗೆ ಸುಮಾರು 12 ಡಿಗ್ರಿ ಬಾಗಿರಲಿ. ಬೋಟಿನ ಹಿಂಭಾಗವೂ ಹೆಚ್ಚುಕಡಿಮೆ ಹಾಗೇ ಇರುತ್ತಲ್ವಾ, ಆಗ ಎಂಜಿನ್ ನೆಟ್ಟಗೆ ನಿಲ್ಲುತ್ತೆ.

ಎತ್ತರ ಅಳೆಯೋದು ಚಕ್ರ ಹಾಕಿದ ಮೇಲೆ, ನೆಲದಿಂದ. ಶಾರ್ಟ್ ಶಾಫ್ಟ್ ಅಂದ್ರೆ ಕ್ಲ್ಯಾಂಪಿನಿಂದ ಪ್ರೊಪೆಲ್ಲರ್ ಮೇಲಿನ ಪ್ಲೇಟ್‌ವರೆಗೆ ಸುಮಾರು 15 ಇಂಚು, ಅದರ ಕೆಳಗೆ ಪ್ರೊಪೆಲ್ಲರ್, ಸ್ಕೆಗ್ (ತೀರಾ ಕೆಳಗಿನ ರೆಕ್ಕೆ) ಸೇರಿ ಇನ್ನೊಂದು ಹತ್ತು ಇಂಚು. ಹಲಗೆಯ ತುದಿ 30 ಇಂಚಿಗೆ ಬಂದರೆ ಕೆಳಗೆ ನಾಲ್ಕೈದು ಇಂಚು ಸಿಗುತ್ತೆ. ಲಾಂಗ್ ಶಾಫ್ಟ್ ಇದ್ದವರು ಐದು ಇಂಚು ಸೇರಿಸಿಕೊಳ್ಳಿ. ಆದರೂ ನಿಮ್ಮ ಎಂಜಿನ್‌ಗೇ ಟೇಪು ಹಿಡಿದು ನೋಡಿ, ಆಮೇಲೆ ಪೈಪು ಕತ್ತರಿಸಿ.

ಚಕ್ರ: ಎಂಜಿನ್ ಕಡೆಗೆ ಗಾಳಿ ತುಂಬೋ ದೊಡ್ಡ ಚಕ್ರ ಎರಡು, ಹಿಡಿಕೆ ಕಡೆಗೆ ಬ್ರೇಕ್ ಇರೋ ತಿರುಗೋ ಕ್ಯಾಸ್ಟರ್ ಎರಡು. ನಿಮ್ಮ ಕಡೆ ಎರೆ ಮಣ್ಣು, ಮಳೆ ಬಿದ್ದ ಮೇಲೆ ಸಣ್ಣ ಚಕ್ರ ಹೂತೇ ಹೋಗುತ್ತೆ.

ಇನ್ನು ಆ 26 ಇಂಚಿನ ವಿಷಯ. ಎಂಜಿನ್ ಒಳಗೆ ತಿಳಿ ನೀರು ಓಡಿಸಿ ತೊಳೆಯೋಕೆ ಡ್ರಮ್ ಆ ಜಾಗದಲ್ಲಿ ಕೂರಬೇಕು. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನ ತಳದಿಂದ 20 ಇಂಚಿಗೆ ಕತ್ತರಿಸಿಕೊಳ್ಳಿ. ಪ್ರೊಪೆಲ್ಲರ್ ಬಿಚ್ಚಿ, ಕ್ಯಾಸ್ಟರ್ ಬ್ರೇಕ್ ಹಾಕಿ, ಒಬ್ಬರು ಹಿಡಿಕೆ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಎಂಜಿನ್ ಟಿಲ್ಟ್ ಮಾಡಿ, ಅಂದ್ರೆ ಅದರ ಕೆಳಭಾಗ ಮೇಲೆತ್ತಿ. ಡ್ರಮ್ಮನ್ನ ಸ್ಟ್ಯಾಂಡಿನ ತಳದೊಳಗೆ ತಳ್ಳಿ, ಎಂಜಿನ್ ಅದರೊಳಗೆ ಇಳಿಸಿ, ಪ್ಲೇಟ್ ಮುಳುಗೋವರೆಗೆ ನೀರು ತುಂಬಿಸಿ ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಓಡಿಸಿ. ಮಳೆಗಾಲದಲ್ಲಿ ಹೊಳೆ ನೀರೆಲ್ಲ ಕೆಂಪು, ಆ ಮಣ್ಣು ಎಂಜಿನ್ ತಣ್ಣಗಿಡೋ ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನ (ನೀರು ತಳ್ಳೋ ಚಕ್ರ) ಸವೆಸುತ್ತೆ, ಒಳಗಿನ ನೀರಿನ ದಾರಿಯಲ್ಲೂ ಕೂರುತ್ತೆ. ನೀರಿಲ್ಲದೆ ಮಾತ್ರ ಒಂದು ಕ್ಷಣವೂ ಸ್ಟಾರ್ಟ್ ಮಾಡಬೇಡಿ, ಸೆಕೆಂಡುಗಳಲ್ಲಿ ಆ ರಬ್ಬರ್ ಹಾಳಾಗುತ್ತೆ.

ದಂಡೆವರೆಗೆ ತಳ್ಳಿಕೊಂಡು ಹೋಗುವಾಗ ಕ್ಲ್ಯಾಂಪ್ ಸ್ಕ್ರೂ ಅಲುಗಾಡಿ ಸಡಿಲ ಆಗುತ್ತೆ. ದಾರಿಯಲ್ಲಿ ಒಮ್ಮೆ ನಿಂತು ಬಿಗಿ ಮಾಡಿ, ಜೊತೆಗೆ ಒಂದು ಹಗ್ಗ ಎಂಜಿನ್ನಿಂದ ಕಂಬಕ್ಕೆ ಕಟ್ಟಿರಲಿ. ನಿಮ್ಮ ಅಳತೆ ಬರೆದು ಕಳಿಸಿದರೆ ಪೈಪು ಎಷ್ಟು ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.