ಶೆಲ್ಡನ್ ಸರಿ, ಮಿಸ್ಸಿ ಎಲ್ಲಿ?

ಸರ್, ನಿಮ್ಮ ಲೆಟರ್ ಎರಡು ಸಲ ಓದ್ದೆ. ಶೆಲ್ಡನ್ ಅನ್ನೋ ಅತೀ ಜಾಣ ಹುಡುಗನ ಮನೆ ಕಥೆ ಹೇಳೋ ಅಮೆರಿಕದ ಟಿವಿ ಕಾಮಿಡಿ ‘ಯಂಗ್ ಶೆಲ್ಡನ್’ ಏಳೂ ಸೀಸನ್ ನೋಡಿ ಮುಗಿಸಿದೀರಿ, ನಿಮ್ಮ ಮಗನೂ ಲೆಕ್ಕದಲ್ಲಿ ಹಾಗೇ ಚುರುಕು, ಆದ್ರೆ ಅದ್ರಲ್ಲಿ ಅಪ್ಪನ್ನ ಬರೀ ಬಿಯರ್ ಹಿಡ್ಕೊಂಡು ಟಿವಿ ಮುಂದೆ ಕೂರೋ ಪೆದ್ದನ ಥರ ತೋರಿಸಿದಾರೆ, ಮಗುನ ಬೆಳೆಸಿದ್ದೆಲ್ಲ ಅಮ್ಮ ಒಬ್ಳೇ ಅನ್ನೋ ಹಾಗಿದೆ ಅಂತ ನಿಮ್ಮ ತಕರಾರು.

ನಾನಂತೂ ಒಪ್ಪಲ್ಲ. ಮೊದಲನೇ ಎಪಿಸೋಡ್ ಇನ್ನೊಂದ್ಸಲ ಹಾಕ್ಕೊಂಡು ನೋಡಿ. 1989ನೇ ಇಸವಿ, ಟೆಕ್ಸಾಸ್, ಊಟಕ್ಕೆ ಮುಂಚೆ ಮನೆಯೋರೆಲ್ಲ ಕೈ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡ್ಬೇಕು, ಈ ಒಂಬತ್ತು ವರ್ಷದ ಶೆಲ್ಡನ್ ಕ್ರಿಮಿ ಭಯಕ್ಕೆ ಕೈಗವಸು ಹಾಕ್ಕೊಂಡು ಕೂರ್ತಾನೆ. ಆಟಗಾರರನ್ನ ಅಡ್ಡದಾರೀಲಿ ಸೇರಿಸ್ಕೊಳ್ತಿದ್ದೋರ ಮೇಲೆ ದೂರು ಕೊಟ್ಟಿದ್ದಕ್ಕೇ ಅಪ್ಪನ ಹಳೇ ಕೋಚ್ ಕೆಲಸ ಹೋಯ್ತು ಅಂತ ಗೊತ್ತಾದ್ಮೇಲೆ ಅದೇ ಹುಡುಗ ಬರಿಗೈಲಿ ಅಪ್ಪನ ಕೈ ಹಿಡೀತಾನೆ. ಹನ್ನೊಂದಕ್ಕೇ ಕಾಲೇಜು, ಹದಿನಾಲ್ಕಕ್ಕೇ ಕ್ಯಾಲ್ಟೆಕ್ ಅನ್ನೋ ದೊಡ್ಡ ವಿಜ್ಞಾನ ಯೂನಿವರ್ಸಿಟಿ, ಅದೆಲ್ಲ ಬಿಡಿ, ಬುದ್ಧಿ ಇತ್ತು ಹೋದ. ಅವನು ಬೆಳೆದಿದ್ದು ಆ ಊಟದ ಟೇಬಲ್ ಹತ್ರ.

ಆದ್ರೆ ಇಂಥ ಮನೇಲಿ ಬಿಲ್ ಕಟ್ಟೋರು ಬೇರೆಯೋರು ಇರ್ತಾರೆ. ಅವಳಿ ತಂಗಿ ಮಿಸ್ಸಿ ಆರನೇ ಸೀಸನ್ನಲ್ಲಿ ಅಪ್ಪನ ಟ್ರಕ್ ತಗೊಂಡು ಮನೆ ಬಿಟ್ಟು ಹೋಗ್ತಾಳಲ್ಲ, ಜೊತೆಗೆ ಯಾರು ನೋಡಿ, ಪೇಜ್, ಅವಳೂ ಶೆಲ್ಡನ್ನಷ್ಟೇ ಜಾಣೆ, ಅಪ್ಪ ಅಮ್ಮ ಡೈವೋರ್ಸ್ ಆಗಿ ದಾರಿ ತಪ್ಪಿದ ಹುಡುಗಿ. ಜಾಣ ಮಗುನ ನೆರಳಲ್ಲಿರೋಳು ಒಬ್ಳು, ಜಾಣ ಮಗುವೇ ಆಗಿದ್ದೋಳು ಇನ್ನೊಬ್ಳು, ಇಬ್ರೂ ಒಂದೇ ಟ್ರಕ್ಕಲ್ಲಿ! ಬರೆದೋರಿಗೆ ಒಂದು ಸಲಾಂ. (ನಮ್ಮಣ್ಣ ರ‍್ಯಾಂಕ್ ಸ್ಟೂಡೆಂಟು. ಅವನ ಎಸ್ಸೆಲ್ಸಿ ವರ್ಷ ಟಿವಿಗೆ ಬೆಡ್‌ಶೀಟ್ ಹೊದಿಸಿಟ್ಟಿದ್ರು, ನಾನು ಕ್ರಿಕೆಟ್ ನೋಡಿದ್ದೆಲ್ಲ ಪಕ್ಕದ್ಮನೆ ಕಿಟಕೀಲಿ. ಮಿಸ್ಸಿ ಪಾರ್ಟಿ ನಾನು, ಮೊದ್ಲೇ ಹೇಳ್ಬಿಡ್ತೀನಿ.)

ಕೊನೇಲಿ ಹಾರ್ಟ್ ಅಟ್ಯಾಕಾಗಿ ಅಪ್ಪ ಹೋಗ್ಬಿಡ್ತಾನೆ. ಅವತ್ತು ಬೆಳಿಗ್ಗೆ ಅಪ್ಪ ಹೊರಡುವಾಗ ಒಂದು ಮಾತೂ ಆಡ್ಲಿಲ್ಲವಲ್ಲ ಅಂತ ಹುಡುಗ ಅದೇ ಗಳಿಗೇನ ತಲೇಲಿ ತಿರುಗಿಸಿ ತಿರುಗಿಸಿ, ಹೀಗಂದಿದ್ರೆ, ಹಾಗಂದಿದ್ರೆ ಅಂತ ಒದ್ದಾಡ್ತಾನೆ. ಪೆದ್ದ ಅಪ್ಪನಿಗೆ ಯಾರಾದ್ರೂ ಹೀಗೆ ಅಳ್ತಾರಾ ಸರ್? ಆಮೇಲೆ ಅಮ್ಮ ಮಕ್ಕಳಿಬ್ರೂ ಚರ್ಚಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸ್ಕೋಬೇಕು ಅಂತ ಹಟ ಹಿಡಿದಾಗ ಮಿಸ್ಸಿ ಆಗಲ್ಲ ಅಂತಾಳೆ, ದೇವ್ರೇ ಇಲ್ಲ ಅಂತ ವಾದ ಮಾಡ್ಕೊಂಡು ಬಂದ ಶೆಲ್ಡನ್ ಸುಮ್ನೆ ಹೋಗಿ ನೀರಲ್ಲಿ ಮುಳುಗಿ ಏಳ್ತಾನೆ, ಅಮ್ಮನಿಗೋಸ್ಕರ.

ಅಂದಹಾಗೆ ಸರ್, ನಿಮ್ಮ ನಾಲ್ಕು ಪುಟದ ಲೆಟರಲ್ಲಿ ಮಗಳ ಬಗ್ಗೆ ಇರೋದು ಒಂದೇ ಸಾಲು, ‘ದೊಡ್ಡವಳು ಪರವಾಗಿಲ್ಲ, ಅವಳ ಪಾಡಿಗೆ ಓದ್ಕೋತಾಳೆ’. ಮುಂದಿನ ಲೆಟರ್ ಅವಳ ಕೈಲೇ ಬರೆಸಿ, ಪೂರ್ತಿ ಹಾಕ್ತೀವಿ.