ಲಗ್ನಪತ್ರಿಕೆ ಟೋನರ್ ಉದುರೂದು, ಹಿಂದು-ಮುಂದು ಸರಿಯೂದು: ಹಾವೇರಿ ತಮ್ಮಗ ಉತ್ತರ

ತಮ್ಮಾ, ನಿನ್ನ ಪೋಸ್ಟ್ ಮುಂಜಾನೇನ ಓದಿದ್ದೆ. ಅಂಗಡ್ಯಾಗ ಗದ್ದಲ ಇತ್ತು, ಈಗ ಶಟರ್ ಎಳದು ಕುಂತು ಬರೀಲಿಕ್ಕತ್ತೀನಿ. ಉದ್ದ ಆಗತೈತಿ, ಚಾ ಕುಡಕೋತ ಓದು.

ನೀ ಬರದದ್ದು ಇಷ್ಟು: ಸೆಕೆಂಡ್ ಹ್ಯಾಂಡ್ ಕಲರ್ ಮಷೀನು ತಗೊಂಡು ಮೂರು ತಿಂಗಳಾತು. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗೋ) ಆರ್ಟ್ ಕಾರ್ಡ್, ಅಂದ್ರ ಹೊಳಪಿನ ದಪ್ಪ ಕಾಗದದ ಮ್ಯಾಲೆ 400 ಲಗ್ನಪತ್ರಿಕೆ ಹೊಡದಿ. ಮಡಚಿದಲ್ಲಿ ಟೋನರ್ (ಬಣ್ಣದ ಪುಡಿ) ಉದುರತೈತಿ, ಹಿಂದು-ಮುಂದಿನ ಬಾರ್ಡರ್ ಎರಡು ಮಿಲಿಮೀಟರ್ ಸರದೈತಿ, ಕುಂಕುಮ ಬಣ್ಣ ಹೋಗಿ ಇಟ್ಟಂಗಿ ಬಣ್ಣ ಬಂದೈತಿ, ಸಣ್ಣ ಅಕ್ಷರದ ಸುತ್ತ ಬಣ್ಣದ ಅಂಚು ಕಾಣತೈತಿ. ಮ್ಯಾಲೆ ನಾಕು ಮಂದಿ "ಇಂಜಿನಿಯರ್ ಕರಸು" ಅಂತ ಬರದಾರ. ಈಗ ಕರಸಬ್ಯಾಡ. ಬಂದವ ಮೊದಲು ಕೇಳೂದ "ಟ್ರೇದಾಗ ಯಾವ ಕಾಗದ ಅಂತ ಕೊಟ್ಟೀರಿ" ಅಂತ. ಅದನ್ನ ನಾ ಪುಕ್ಕಟೆ ಕೇಳತೀನಿ.

ಆದ್ರ ನಿನ್ನ ಪೋಸ್ಟಿನ ಕಡೀ ಸಾಲು ಓದಿ ನನಗ ಎದಿ ಧಸಕ್ ಅಂತು. ಇದೊಂದು ಜಾಬ್ ಸರಿ ಮಾಡಾಕ ಹೋಗಿ ಮಷೀನಿನ ಮುಖ್ಯ ಮೆನುದಾಗ ಹೊಕ್ಕು ಬಣ್ಣ, ಪೊಸಿಶನ್ ಎಲ್ಲಾ ತಿರುವಿ, ಈಗ ವಿಸಿಟಿಂಗ್ ಕಾರ್ಡೂ ಕೆಟ್ಟು ಕುಂತಾವು ಅಂದಿ. ಅಲ್ಲೇ ತಪ್ಪಾತು ನೋಡು. ಸೆಟ್ಟಿಂಗ್ ಇರೂದು ಮೂರು ಕಡೆ. ಒಂದು ಮಷೀನಿಂದು, ಅದು ಎಲ್ಲಾ ಜಾಬಿಗೂ ಹತ್ತತೈತಿ. ಇನ್ನೊಂದು ಕಾಗದದ್ದು, ಅಂದ್ರ ಟ್ರೇಕ್ಕ ಇಲ್ಲಾ ಪೇಪರ್ ಪಟ್ಟಿಗೆ ಕೊಡೂದು, ಆ ಕಾಗದ ಹಾಕಿದಾಗ ಅಷ್ಟ ಹತ್ತತೈತಿ. ಮೂರನೇದು ಜಾಬಿಂದು, ರಿಪ್ (ಫೈಲನ್ನ ಮಷೀನಿಗೆ ತಿಳಿಯೂವಂಗ ಮಾಡಿ ಕಳಸೋ) ಕಂಪ್ಯೂಟರಿನ್ಯಾಗ ಜಾಬನ್ನ ಹೋಲ್ಡ್ ಮಾಡಿ ಪ್ರಾಪರ್ಟೀಸ್ ತಗದು ಬದಲ ಮಾಡೂದು, ಅದೊಂದಕ್ಕ ಮಾತ್ರ. ಒಂದು ಲಗ್ನಪತ್ರಿಕೆ ಸಲುವಾಗಿ ಮೊದಲನೇದನ್ನ ಮುಟ್ಟೂದು ಅಂದ್ರ ಒಂದು ಕಿಟಕಿ ಹತ್ತವಲ್ದು ಅಂತ ಗ್ವಾಡಿ ಕೆಡವಿದಂಗ. ನೀ ಬದಲ ಮಾಡಿದ್ದು ನೆನಪಿದ್ರ ಎಲ್ಲಾ ಮೊದಲಿನಂಗ ಇಡು. ನೆನಪಿಲ್ಲಂದ್ರ ಅದಕ್ಕಷ್ಟ ಇಂಜಿನಿಯರಿಗೆ ಫೋನ್ ಹಚ್ಚು, ಫೋನಿನ್ಯಾಗ ಹೇಳಿಕೊಡತಾರ.

ಈಗ ಕಾಗದಕ್ಕ ಬರೂಣು. ನಮ್ಮ ಅಪ್ಪ ಗದಗದಾಗ ಟ್ರೆಡಲ್, ಅಂದ್ರ ಹಳೇ ಮೊಳಿ ಅಚ್ಚಿನ ಮಷೀನು ನಡಸತಿದ್ದ. ಗದಗಿಗೆ ಮುದ್ರಣ ಕಾಶಿ ಅಂತಾರಲ್ಲ, ಆ ಓಣ್ಯಾಗ ಬೆಳದಂವ ನಾ. ಕಾಗದ ಬದಲಾತಂದ್ರ ಅಪ್ಪ ಮೊದಲು ಅದನ್ನ ಎರಡು ಬಳ್ಳಿನ್ಯಾಗ ಹಿಡದು ತಿಕ್ಕಿ ನೋಡಾಂವ. ಆಮ್ಯಾಲೆ ಪ್ಲಾಟನ್ (ಕಾಗದಾನ ಒತ್ತೋ ತಟ್ಟಿ) ಮ್ಯಾಲಿನ ಪ್ಯಾಕಿಂಗಿಂದ ಒಂದು ತೆಳ್ಳನ ಹಾಳಿ ತಗ್ಯಾಂವ, ಇಲ್ಲಾ ಒಂದು ಹಾಕಾಂವ. ದಪ್ಪ ಕಾರ್ಡಿಗೆ ಹಳೇ ಪ್ಯಾಕಿಂಗ ಇಟ್ರ ಅಚ್ಚಿನ ಮೊಳಿ ಕಾಗದದಾಗ ತೂತು ಬೀಳೂವಂಗ ಒತ್ತತಿತ್ತು. ನಿನ್ನ ಡಿಜಿಟಲ್ ಮಷೀನಿಗೂ ಪ್ಯಾಕಿಂಗ್ ಐತಿ, ಆದ್ರ ಅದು ಕೈಗೆ ಸಿಗಂಗಿಲ್ಲ. ಟ್ರೇ ಸೆಟ್ಟಿಂಗಿನ್ಯಾಗ "ಕೋಟೆಡ್, 271 ರಿಂದ 300" ಅಂತ ನೀ ಒತ್ತಿದ ಕೂಡ್ಲೆ ಅದು ವೇಗ ಕಡಿಮಿ ಮಾಡತೈತಿ, ಫ್ಯೂಸರ್ (ಟೋನರ್ ಕರಗಿಸಿ ಕಾಗದಕ್ಕ ಅಂಟಸೋ ಬಿಸಿ ರೋಲರ್) ಬಿಸಿ ಬದಲಸತೈತಿ, ಟೋನರನ್ನ ಬೆಲ್ಟಿನಿಂದ ಕಾಗದಕ್ಕ ಎಳಿಯೋ ವೋಲ್ಟೇಜೂ ಬದಲಸತೈತಿ. "ಪ್ಲೇನ್, 80" ಅಂತ ಬಿಟ್ಟು ಒಳಗ 300ರ ಕಾರ್ಡ್ ತುಂಬಿದ್ರ ಆ ದಪ್ಪ ಕಾರ್ಡು ಬಿಸೀನೆಲ್ಲಾ ಕುಡದ ಬಿಡತೈತಿ, ಟೋನರ್ ಅರ್ಧ ಕರಗಿ ಮ್ಯಾಲೆ ಕುಂದರತೈತಿ. ನೋಡಾಕ ಛಲೋನ ಕಾಣತೈತಿ, ಅದ ಮೋಸ.

ಇದು ನನಗ ಹೆಂಗ ಗೊತ್ತು ಅಂದ್ರ, ನಾನೂ ಮಾಡೇನಿ. ಹುಬ್ಬಳ್ಳ್ಯಾಗ ಅಂಗಡಿ ಹಾಕಿದ ಮೊದಲನೇ ವರ್ಷ. ಒಂದು ಲಗ್ನದ ಕಾರ್ಡ್ ಹೊಡದು ಕೊಟ್ಟು ಕಳಸಿದೆ. ಮರುದಿನ ಹುಡುಗಿ ಸೋದರಮಾವ ಬಂದು ಟೇಬಲ್ ಮ್ಯಾಲೆ ಒಂದು ಪತ್ರಿಕೆ ಇಟ್ಟ. ನಾಕೂ ಮೂಲಿಗೆ ಹಸಿ ಅರಿಶಿಣ ಹಚ್ಚ್ಯಾರ, ಹಚ್ಚಿದ ಬೆರಳಿನ ಜೋಡಿ ಗಣಪತಿ ಸೊಂಡಿಲಾನೂ ಎದ್ದು ಬಂದೈತಿ. ಒಂದು ಮಾತೂ ಬೈಲಿಲ್ಲ ಆ ಮನಷ್ಯಾ, ಬೆರಳು ಅಷ್ಟ ತೋರಿಸಿದ. ಟ್ರೇ ನೋಡಿದ್ರ ಹಿಂದಿನ ದಿನದ ಬಿಲ್ ಬುಕ್ಕಿನ ಸೆಟ್ಟಿಂಗ್ ಹಂಗ ಇತ್ತು. ಎಲ್ಲಾ ಕಾರ್ಡ್ ನನ್ನ ಖರ್ಚಿನ್ಯಾಗ ಮತ್ತ ಹೊಡದ ಕೊಟ್ಟೆ.

ಬಂಡಲ್ ಮ್ಯಾಲೆ 300 ಅಂತ ಬರದೈತಿ ಅಂತ ನಂಬಬ್ಯಾಡ. ಬಿಡಿ ಹಾಳಿ ತಂದಿದ್ರಂತೂ ತೂಕ ಮಾಡಿ ನೋಡು. 12x18 ಇಂಚಿನ ಹತ್ತು ಹಾಳಿ ತಕ್ಕಡ್ಯಾಗಿಡು: 418 ಗ್ರಾಂ ಬಂದ್ರ 300 ಜಿಎಸ್‌ಎಂ, 348 ಬಂದ್ರ 250. ಹತ್ತು ಹಾಳಿ ತೂಕಾನ್ನ 1.39 ರಿಂದ ಭಾಗಿಸು ಅಷ್ಟ. 13x19 ಆದ್ರ 1.59 ರಿಂದ. ಬಂದ ಅಂಕಿ ಯಾವ ಗುಂಪಿನ್ಯಾಗ ಬೀಳತೈತೋ ಅದನ್ನ ಟ್ರೇಕ್ಕ ಕೊಡು. ಹೊಳಪಿನ ಕಾಗದಾನೋ, ಮ್ಯಾಪ್‌ಲಿಥೋನೋ (ಹೊಳಪಿಲ್ಲದ ಸಾದಾ ಕಾಗದ), ಉಬ್ಬಿನ ಟೆಕ್ಸ್‌ಚರ್ ಕಾರ್ಡೋ ಅನ್ನೂದೂ ಖರೇನ ಹೇಳು. ಜಾಬಿನ್ಯಾಗೂ ಅದ ಕಾಗದ ಇರಬೇಕು. ಎರಡೂ ಹೊಂದಲಿಲ್ಲ ಅಂತ ಮಷೀನು ನಿಂತು ಕೇಳಿದ್ರ "ಮುಂದವರಿಸು" ಒತ್ತಬ್ಯಾಡ. ಅದು ನಿನ್ನ ಒಳ್ಳೇದಕ್ಕ ನಿಂತಿರತೈತಿ. ಹಂಗಂತ ಸುಮ್ಮನ ಒಂದು ಮೆಟ್ಟಲಾ ಹೆಚ್ಚಿಗಿ ಕೊಟ್ರೂ ಛಲೋ ಅಲ್ಲ. ಬಿಸಿ ಜಾಸ್ತಿ ಆದ್ರ ಹೊಳಪಿನ ಕಾಗದ ಸಣ್ಣ ಸಣ್ಣ ಗುಳ್ಳಿ ಏಳತೈತಿ, ಹಾಳಿ ಸುರುಳಿ ಸುತ್ತತೈತಿ.

ಒಂದು ಮಾತು ಬಿಟ್ಟಿದ್ದೆ: ಇಂಕ್‌ಜೆಟ್ ಫೋಟೋ ಪೇಪರು, ಲೇಸರ್‌ಗೆ ಅಂತ ಬರೀದಿದ್ದ ಪ್ಲಾಸ್ಟಿಕ್ ಹಾಳಿ, ಇವನ್ನ ಯಾರು ಎಷ್ಟು ಕೈ ಮುಗದ್ರೂ ಹಾಕಬ್ಯಾಡ. ಫ್ಯೂಸರಿಗೆ ಅಂಟಿ ಕುಂತ್ರ ಆ ತಿಂಗಳ ಗಳಿಕಿ ಅಲ್ಲೇ ಹೋತು.

ಈಗ ನಿನ್ನ ಉದುರೋ ಟೋನರ್. ಇಲ್ಲಿ ಎರಡು ಬ್ಯಾರೆ ರೋಗ ಅದಾವು, ಕಲಸಬ್ಯಾಡ. ಹೊಡದ ಕಾರ್ಡ್ ತಣ್ಣಗಾಗಲಿ, ಮಡಿಕಿ ಇಲ್ಲದ ಕಡೆ, ಗಾಢ ಬಣ್ಣ ಇದ್ದಲ್ಲಿ ಉಗುರಿಲೆ ಗೀರು. ಪುಡಿ ಎದ್ರ ಅದು ಬಿಸಿ ಸಾಲದ್ದು, ಮ್ಯಾಲೆ ಹೇಳಿದ ಕಾಗದದ ಸೆಟ್ಟಿಂಗ್. ಗೀರಿದ್ರ ಏನೂ ಆಗಂಗಿಲ್ಲ, ಮಡಚಿದ ಗೆರಿಮ್ಯಾಲೆ ಅಷ್ಟ ಬಿಳಿ ಬಿರುಕು ಕಾಣತೈತಿ ಅಂದ್ರ ಮಷೀನಿಂದು ಏನೂ ತಪ್ಪಿಲ್ಲ. ಟೋನರ್ ಆಫ್‌ಸೆಟ್ (ಪ್ಲೇಟಿಲೆ ಹೊಡಿಯೋ ದೊಡ್ಡ ಮಷೀನು) ಇಂಕಿನಂಗ ಕಾಗದದೊಳಗ ಇಳಿಯಂಗಿಲ್ಲ, ಮ್ಯಾಲೆ ಪದರಾಗಿ ಕುಂತಿರತೈತಿ. ಕಾಗದ ಮುರದಲ್ಲಿ ಅದೂ ಮುರೀತೈತಿ. ಅದಕ್ಕ ಕಾಗದದ ನಾರು ಯಾವ ಕಡೆ ಐತಿ ನೋಡು. ಹಾಳೀನ ಉದ್ದಕ ಒಮ್ಮೆ, ಅಡ್ಡ ಒಮ್ಮೆ ಮೆಲ್ಲಕ ಬಗ್ಗಿಸು, ಯಾವ ಕಡೆ ಸಡ್ಲ ಬಗ್ಗತೈತೋ ಮಡಿಕಿ ಗೆರಿ ಅದರ ಗುಂಟ ಬರಬೇಕು. ನಾರಿಗೆ ಅಡ್ಡ ಮಡಿಕಿ ಬಂದ್ರ ಯಾವ ಸೆಟ್ಟಿಂಗೂ ಉಳಸಂಗಿಲ್ಲ. ಮತ್ತ ಕ್ರೀಸಿಂಗ್ (ಮಡಚೂಕಿಂತ ಮೊದಲು ಗೆರಿ ಒತ್ತೂದು) ಮಾಡಲಾರದ 300ರ ಕಾರ್ಡ್ ಮಡಚಬ್ಯಾಡ. ಕ್ರೀಸಿನ ಉಬ್ಬು ಮಡಿಕಿ ಒಳಗಡೆ ಹೋಗಬೇಕು, ಭಾಳ ಮಂದಿ ಇದನ್ನ ಉಲ್ಟಾ ಮಡಚತಾರ. ಡಿಸೈನ್ ಮಾಡೋ ಹುಡುಗಗ ಮಡಿಕಿ ಮ್ಯಾಲೆ ದಟ್ಟ ಮರೂನ್ ತುಂಬಬ್ಯಾಡ ಅಂತನೂ ಹೇಳು.

ಹಿಂದು-ಮುಂದು ಸರಿಯೂದಕ್ಕ ಮೊದಲು ಕಾಗದ ಕತ್ತರಿಸಿದ್ದು ಚೌಕ ಐತೋ ಇಲ್ಲೋ ನೋಡು. ಎರಡನೇ ಮಗ್ಗಲಕ್ಕ ಹಾಳಿ ತಿರುಗಿದಾಗ ಭಾಳ ಮಷೀನಿನ್ಯಾಗ ಹಿಂದಿನ ಅಂಚು ಮುಂದಾಗಿ ಹೋಗತೈತಿ. ಒಂದು ಹಾಳಿ 457 ಮಿ.ಮೀ., ಇನ್ನೊಂದು 455 ಇದ್ರ ಆ ವ್ಯತ್ಯಾಸ ಸೀದಾ ಬಾರ್ಡರಿಗೆ ಬರತೈತಿ, ಅದನ್ನ ಯಾವ ಬಟನ್ ಒತ್ತಿದ್ರೂ ತಿದ್ದಾಕ ಆಗಂಗಿಲ್ಲ. ನಾ ಲಗ್ನಪತ್ರಿಕೆ ಜಾಬಿಗೆ ಬಂಡಲಿನ ಒಂದು ಮಗ್ಗಲಾ ಹೊಸದಾಗಿ ಕಟಿಂಗ್ ಮಾಡಸೇ ಹಾಕತೀನಿ, ಆಮ್ಯಾಲೆ ಸ್ಕೇಲ್ ಇಟ್ಟು ಅಳದು ಆ ಅಳತೀನ ಟ್ರೇಕ್ಕ ಕೊಡತೀನಿ. ಟ್ರೇ ಒಳಗಿನ ಗೈಡ್ ಹಾಳಿಗೆ ತಾಗಿರಬೇಕು, ಒತ್ತಬಾರದು.

ಅದಾದ ಮ್ಯಾಲೂ ಸರಿಯಾಕತ್ತಿದ್ರ ಸೂಜಿ ತಗೊ. ಎರಡೂ ಮಗ್ಗಲಕ್ಕ ನಾಕು ಮೂಲಿಗೆ, ನಡುವ ಒಂದು ಕೂಡಿಸೋ ಗುರುತು (+) ಹಾಕಿದ ಫೈಲ್ ಮಾಡಿ ಐದು ಹಾಳಿ ಹೊಡಿ. ಮುಂದಿನ ಗುರುತಿನ ನಡುವ ನೆಟ್ಟಗ ಸೂಜಿ ಚುಚ್ಚು, ತಿರುವಿ ನೋಡು. ಐದೂ ಗುರುತು ಒಂದ ಕಡೆ, ಒಂದಷ್ಟ ಸರದಿದ್ರ ಬರೇ ಜಾಗ ಸರಸೂದು. ನಡುವ ಬರೋಬ್ಬರಿ ಕೂಡಿ ಮೂಲಿಗೆ ಹೋಗೋತ್ಲೆ ದೂರ ಆಗಿದ್ರ ಅದು ಎರಡನೇ ಮಗ್ಗಲದ ಚಿತ್ರ ಮೊದಲನೇದಕ್ಕಿಂತ ದೊಡ್ಡದಾಗಿದ್ದು: ಮೊದಲನೇ ಮಗ್ಗಲಾ ಫ್ಯೂಸರಿನ್ಯಾಗ ಹೋದಾಗ ಕಾಗದದ ಪಸಿ ಆರಿ ಹಾಳಿ ಚೂರು ಕುಗ್ಗತೈತಿ, ಅದರ ಜೋಡಿ ಹೊಡದ ಚಿತ್ರಾನೂ. ಎರಡನೇ ಮಗ್ಗಲದ ಝೂಮ್ 99.8 ಮಾಡಿದ್ರ 457 ಮಿ.ಮೀ. ಉದ್ದದಾಗ 0.9 ಮಿ.ಮೀ. ಕಡಿಮಿ ಆಗತೈತಿ, ಆ ಲೆಕ್ಕ ಇಟಗೊಂಡು ತಿದ್ದು. ಒಂದ ಮೂಲಿ ಅಷ್ಟ ಹೆಚ್ಚು ಹೋಗಿದ್ರ ಸೊಟ್ಟ ಹೋಗಾಕತ್ತೈತಿ, ಗೈಡ್ ನೋಡು, ಕಟಿಂಗ್ ನೋಡು. ಈ ತಿದ್ದುಪಡಿ ಆ ಕಾಗದದ ಹೆಸರಿನ ಮ್ಯಾಲೆ ಉಳಸು, ಮಷೀನಿನ ಮ್ಯಾಲೆ ಅಲ್ಲ. ಒಂದ ಹಾಳಿ ನೋಡಿ ತಿರುವಬ್ಯಾಡ, ಹಾಳಿಂದ ಹಾಳಿಗೆ ಅರ್ಧ ಮಿಲಿಮೀಟರ್ ಆಚೀಚೆ ಆಗೂದ. ಅದಕ್ಕ ಕತ್ತರಿಸೋ ಅಂಚಿಗೆ ಎರಡು ಮಿ.ಮೀ. ಹತ್ರ ತೆಳ್ಳನ ಬಂಗಾರದ ಬಾರ್ಡರ್ ಇಟ್ಟ ಡಿಸೈನ್ ಬಂದ್ರ ನಾ ಐದು ಮಿ.ಮೀ. ಒಳಗ ತಗೊಳತೀನಿ, ಹೊರಗ ಮೂರು ಮಿ.ಮೀ. ಬ್ಲೀಡ್ (ಕತ್ತರಿಸೋ ಗೆರಿ ದಾಟಿದ ಬಣ್ಣ) ಕೊಡತೀನಿ. ಗಿರಾಕಿಗೆ ಗೊತ್ತೂ ಆಗಂಗಿಲ್ಲ.

ಮಳಿಗಾಲದಾಗ ಬಂಡಲಿನ ಪೊಟ್ಟಣ ಒಡದು ರಾತ್ರಿ ಹಂಗ ಬಿಟ್ರ ಅಂಚು ತೆರಿತೆರಿ ಆಗತಾವು. ಅಂಗಡಿಗೆ ತಂದ ಕಾಗದ ಒಂದು ದಿನ ಪೊಟ್ಟಣದಾಗ ಅಲ್ಲೇ ಇರಲಿ, ಬೇಕಾದಷ್ಟ ತಗಿ, ಉಳದದ್ದು ಸುತ್ತಿಡು.

ಕುಂಕುಮ ಬಣ್ಣ. ಮೊದಲು ಮಷೀನು ಅರ್ಧ ತಾಸು ಬಿಸಿ ಆಗಲಿ, ಆಮ್ಯಾಲೆ ಕ್ಯಾಲಿಬ್ರೇಶನ್ (ಬಣ್ಣದ ಅಳತಿ ಹೊಂದಸೂದು) ಮಾಡು. ಮುಂಜಾನೆ ಶಟರ್ ಎತ್ತಿದ ಕೂಡ್ಲೆ ಮಾಡಿದ್ದು ಮಧ್ಯಾಹ್ನಕ್ಕ ನಡಿಯಂಗಿಲ್ಲ. ಆಮ್ಯಾಲೆ ಫೈಲ್ ತಗದು ಆ ಕೆಂಪಿನ ಮ್ಯಾಲೆ ಕ್ಲಿಕ್ ಮಾಡಿ ನೋಡು. ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕ) ಇದ್ರ ಪರದೆ ಮ್ಯಾಲಿನ ಆ ಉರಿಯೋ ಕೆಂಪು ನಾಕು ಟೋನರಿನಿಂದ ಬರಾಕ ಸಾಧ್ಯನ ಇಲ್ಲ, ರಿಪ್ ತನಗ ತಿಳದಂಗ ಬದಲಸತೈತಿ. ಅದನ್ನ ಶೇಕಡಾ ಲೆಕ್ಕದಾಗ ಮೆಜೆಂಟಾ (ಗುಲಾಬಿ ಕೆಂಪು) 100, ಹಳದಿ 80 ಮಾಡಿ ಸಯಾನು (ತಿಳಿನೀಲಿ), ಕರಿ ಸೊನ್ನೆ ಇಡು. ಹಳದಿ 100 ಕೊಟ್ರ ಕೇಸರಿ ಕಡೆ ಓಡತೈತಿ, ಅದು ನನ್ನ ಕಣ್ಣಿನ ಲೆಕ್ಕ. ಇಷ್ಟು ಮಾಡಿದ್ರೂ ಇಟ್ಟಂಗಿ ಬಣ್ಣ ಬಂದ್ರ ಜಾಬ್ ಪ್ರಾಪರ್ಟೀಸಿನ್ಯಾಗ ಸಿಎಂವೈಕೆ (ಈ ನಾಕು ಬಣ್ಣದ) ಸಿಮ್ಯುಲೇಶನ್ ನೋಡು. ಅದು ಆಫ್‌ಸೆಟ್ ಬಣ್ಣದಂಗ ಕಾಣಲಿ ಅಂತ ನಿನ್ನ ಶುದ್ಧ ಕೆಂಪಿಗೆ ಚೂರು ಸಯಾನು, ಚೂರು ಕರಿ ಬೆರಸತೈತಿ. ಅಚ್ಚ ಬಣ್ಣ ಹಂಗ ಬಿಡೋ ಆಯ್ಕೆ ಭಾಳ ರಿಪ್‌ಗಳಾಗ ಐತಿ, ಹಚ್ಚು. ಆದ್ರ ಮುಖದ ಫೋಟೋ ಇದ್ದ ಜಾಬಿಗೆ ಹಚ್ಚೂಕಿಂತ ಮೊದಲು ಒಂದು ಪ್ರತಿ ತಗದು ನೋಡು.

ಕಡೀಕ ಅಕ್ಷರ. ಬಣ್ಣದ ಅಂಚು ಕಾಣತೈತಿ ಅಂದ್ರ ನಿನ್ನ ಕರಿ ಅಕ್ಷರ ನಾಕೂ ಟೋನರಿಲೆ ಬಂದೈತಿ. ಅಕ್ಷರ ಬರೇ ಕರಿ 100 ಇರಬೇಕು. ಲಗ್ನಪತ್ರಿಕೆ ನೆತ್ತಿಮ್ಯಾಲೆ "ಶ್ರೀ ಸಿದ್ಧಾರೂಢ ಪ್ರಸನ್ನ" ಅಂತ ಎಂಟು ಪಾಯಿಂಟಿನ್ಯಾಗ ಹಾಕಿರತಾರಲ್ಲ, ಭೂತಗನ್ನಡಿ ಹಿಡದು ನೋಡು. ನಾಕು ಟೋನರ್ ಕೂದಲೆಳಿ ಸರದ್ರೂ ಧ ಒತ್ತಿನ ಸೀಳು, ಢದ ಸೀಳು ಎರಡೂ ತುಂಬಿ "ಸಿದ್ದಾರೂಡ" ಆಗಿ ಕುಂತಿರತೈತಿ. ಓದಿದಂವ ನಿನ್ನ ಕನ್ನಡಕ್ಕ ಬೈತಾನ, ಟೋನರಿಗೆ ಅಲ್ಲ. ಗಾಢ ಬಣ್ಣದ ಮ್ಯಾಲೆ ಬಿಳಿ ಅಕ್ಷರ ಇದ್ರ ಇನ್ನೂ ಕಷ್ಟ, ದಪ್ಪ ಅಕ್ಷರ ತಗೊ. ರಿಪ್ಪಿನ್ಯಾಗ ಪ್ಯೂರ್ ಬ್ಲ್ಯಾಕ್ ಅಂತ ಒಂದು ಆಯ್ಕೆ ಇರತೈತಿ. ಇಲ್ಲೊಂದು ಗುಟ್ಟೈತಿ: ನಾವು ನುಡಿ, ಬರಹ ಫಾಂಟ್ ಒಡೀಬಾರದು ಅಂತ ಕೋರೆಲ್‌ (ಡಿಸೈನ್ ಮಾಡೋ ಸಾಫ್ಟ್‌ವೇರ್) ದಾಗ ಎಲ್ಲಾ ಅಕ್ಷರ ಕರ್ವ್ (ಗೆರಿ ಆಕಾರ) ಮಾಡಿ ಕಳಸತೀವಿ. ಕರ್ವ್ ಆದ ಮ್ಯಾಲೆ ರಿಪ್ಪಿಗೆ ಅದು ಅಕ್ಷರ ಅಲ್ಲ, ಚಿತ್ರ. ಬರೇ ಟೆಕ್ಸ್ಟಿಗೆ ಅಂತ ಹಚ್ಚಿದ ಆಯ್ಕೆ ಅದಕ್ಕ ಹತ್ತಂಗಿಲ್ಲ, ಟೆಕ್ಸ್ಟ್ ಮತ್ತು ಗ್ರಾಫಿಕ್ಸ್ ಅಂತ ಹಚ್ಚಬೇಕು. ಇದನ್ನ ತಿಳಕೊಳ್ಳಾಕ ನನಗ ಒಂದು ವರ್ಷ ಹಿಡೀತು. ಪುಸ್ತಕದ ಒಳಪುಟಾನೂ ಹಿಂಗ ನಾಕು ಬಣ್ಣದಾಗ ಹೋದ್ರ ಮಷೀನಿನ ಮೀಟರ್ ಅದನ್ನ ಕಲರ್ ಕ್ಲಿಕ್ (ಕಲರ್ ಪ್ರತಿ) ಅಂತ ಎಣಸತೈತಿ, ಅದನ್ನೂ ನೋಡಕೊ.

ಆ 400 ಕಾರ್ಡ್ ಉಗುರಿಗೆ ಏಳತಿದ್ರ ಗಿರಾಕಿಗೆ ಕೊಡಬ್ಯಾಡ. ಲ್ಯಾಮಿನೇಶನ್ ಹೊಡದು ಮುಚ್ಚು ಅಂತ ಮ್ಯಾಲೆ ಒಬ್ರು ಹೇಳ್ಯಾರ, ಅರ್ಧ ಕರಗಿದ ಟೋನರ್ ಮ್ಯಾಲೆ ಫಿಲ್ಮ್ ನಿಲ್ಲಂಗಿಲ್ಲ, ಟೋನರ್ ಸಮೇತ ಎದ್ದು ಬರತೈತಿ. ನಾಳೆ ಹತ್ತು ಹಾಳಿ ತೂಗಿ ಟ್ರೇ ಸರಿ ಮಾಡಿ ಒಂದ ಪ್ರತಿ ಹೊಡಿ, ಉಗುರು ಹಾಕು, ಸೂಜಿ ಹಾಕು. ಒಂದು ಸಲಕ್ಕ ಒಂದ ಬದಲಾವಣೆ, ಹೊಡದ ಹಾಳಿ ಹಿಂದ ಏನ ಬದಲ ಮಾಡಿದಿ ಅಂತ ಪೆನ್ನಿಲೆ ಬರಿ. ತೂಕ ಎಷ್ಟು ಬಂತು, ಟ್ರೇದಾಗ ಏನಂತ ಇತ್ತು, ಇಲ್ಲೇ ಹಾಕು, ರಾತ್ರಿ ನೋಡತೀನಿ.